ಅಳಿವೆಯ ಊರಿನಲ್ಲಿ ಒಂದು ವರ್ಷ

ಬ್ರಿಟನ್ ದ್ವೀಪದ ಪಶ್ಚಿಮಕ್ಕೆ ಚಾಚಿಕೊಂಡಿರುವ ಗುಡ್ಡಗಾಡಿನ ನಾಡು ವೇಲ್ಸ್. ಅದರ ಪಡುವಣ ಕರಾವಳಿಯ ಸರಿಸುಮಾರು ನಡುವೆ, ಕಾರ್ಡಿಗನ್ ಕೊಲ್ಲಿಯ ದಂಡೆಯಲ್ಲಿ, ಅಬರಿಸ್ಟ್ವಿತ್ ಎಂಬ ಸಣ್ಣ ಪಟ್ಟಣವಿದೆ. ರೈಡಲ್ ಮತ್ತು ಅಸ್ಟ್ವಿತ್ ಎಂಬ ಎರಡು ಹೊಳೆಗಳು ಒಂದೇ ಬಂದರಿನಲ್ಲಿ ಕಡಲನ್ನು ಸೇರುವ ಸ್ಥಳವದು. ಅಲ್ಲಿನವರ ಭಾಷೆಯಾದ ವೆಲ್ಷ್‌ನಲ್ಲಿ ‘ಅಬರ್’ ಎಂದರೆ ಅಳಿವೆ. ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳ ಅಳಿವೆಗಳನ್ನು ಕಂಡು ಬೆಳೆದ ನಮಗೆ ಆ ಒಂದು ಪದದ ಅರ್ಥ ತಿಳಿದೊಡನೆ ಊರಿನ ಅರ್ಧ ಪರಿಚಯವಾದಂತಾಯಿತು.

ನನ್ನ ಪತ್ನಿಗೆ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಒಂದು ವರ್ಷದ ಸಂಶೋಧನೆಯ ಅವಕಾಶ ದೊರೆತುದರಿಂದ, ಕಳೆದ ಸೆಪ್ಟೆಂಬರಿನಿಂದ ಈ ಆಗಸ್ಟಿನವರೆಗೆ ನಾವು ನಾಲ್ವರೂ ಅಲ್ಲಿದ್ದೆವು. ಮಗಳಿಗೆ ಆಗ ಒಂಬತ್ತು ವರ್ಷ. ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೆಯ ತರಗತಿ. ಮಗನಿಗೆ ಐದು. ಹೊರಡುವ ಮುನ್ನ ಬಂಧುಗಳು ಹೇಳಿದ ಮಾತು ಬಹುಮಟ್ಟಿಗೆ ಒಂದೇ: “ಮಕ್ಕಳ ಇಂಗ್ಲಿಷು ಒಂದು ವರ್ಷದಲ್ಲಿ ಚೊಕ್ಕವಾಗುತ್ತದೆ. ಹಿಂದೆ ಬಂದ ಮೇಲೆ ಇನ್ನು ಕನ್ನಡ ಶಾಲೆಯ ಮಾತು ಬೇಡ.” ಆದರೆ ನಾವು ಹೋಗಿ ಸೇರಿದ ಊರು ಇಂಗ್ಲೆಂಡಿನಲ್ಲಿರಲಿಲ್ಲ, ಮಕ್ಕಳು ಸೇರಿದ ಶಾಲೆಯ ಮಾಧ್ಯಮ ಇಂಗ್ಲಿಷೂ ಆಗಿರಲಿಲ್ಲ.

ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಹೋಗಿ ರೈಲು ಬದಲಾಯಿಸಿ ಪಶ್ಚಿಮಕ್ಕೆ ಹೊರಟೆವು. ಶ್ರೂಸ್‌ಬರಿ ದಾಟಿದ ಮೇಲೆ ಒಂಟಿ ಹಳಿ. ಎರಡೂ ಕಡೆ ಕುರಿಗಳು ಮೇಯುವ ಹಸುರು ಗುಡ್ಡಗಳು, ಕಲ್ಲು ಹೊದಿಸಿದ ಮಾಡಿನ ಮನೆಗಳು. ನಿಲ್ದಾಣಗಳ ಹೆಸರನ್ನು ಮೊದಲು ವೆಲ್ಷ್‌ನಲ್ಲಿ, ಅನಂತರ ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಮಖಂಥ್ಲೆತ್ ಎಂಬಲ್ಲಿ ರೈಲು ಎರಡಾಗುತ್ತದೆ; ಒಂದು ಭಾಗ ಉತ್ತರದ ಕರಾವಳಿಗೆ, ಇನ್ನೊಂದು ಅಬರಿಸ್ಟ್ವಿತ್‌ಗೆ. ತಪ್ಪಾದ ಡಬ್ಬಿಯಲ್ಲಿ ಕುಳಿತರೆ ಬೇರೊಂದು ಊರಿಗೆ ಹೋಗಿ ಇಳಿಯಬೇಕು. ನಿದ್ದೆಗಣ್ಣಿನ ಇಬ್ಬರು ಮಕ್ಕಳನ್ನೂ ಆರು ಪೆಟ್ಟಿಗೆಗಳನ್ನೂ ಸರಿಯಾದ ಡಬ್ಬಿಗೆ ಸಾಗಿಸುವಷ್ಟರಲ್ಲಿ ಸಹಪ್ರಯಾಣಿಕರು ತಾವಾಗಿಯೇ ಎರಡು ಪೆಟ್ಟಿಗೆಗಳನ್ನು ಎತ್ತಿಕೊಂಡಿದ್ದರು. ಅಬರಿಸ್ಟ್ವಿತ್ ಆ ಹಳಿಯ ಕೊನೆಯ ನಿಲ್ದಾಣ. ಅಲ್ಲಿಂದಾಚೆಗೆ ಸಮುದ್ರ.

ಊರಿನಲ್ಲಿ ಸುಮಾರು ಹದಿನೈದು ಸಾವಿರ ಜನ. ಸಮುದ್ರದಂಡೆಯುದ್ದಕ್ಕೂ ಬಾಗಿದ ಕಾಲುದಾರಿ. ಅದರ ಒಂದು ತುದಿಯಲ್ಲಿ ಒಂದನೆಯ ಎಡ್ವರ್ಡನು 1277ರಲ್ಲಿ ಕಟ್ಟಿಸತೊಡಗಿದ ಕೋಟೆಯ ಅವಶೇಷ. ಮತ್ತೊಂದು ತುದಿಯಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ ಎಂಬ ಗುಡ್ಡ. 1896ರಲ್ಲಿ ಆರಂಭವಾದ ಪುಟ್ಟ ರೈಲೊಂದು ಆ ಗುಡ್ಡದ ಕಡಿದಾದ ಏರನ್ನು ಇಂದಿಗೂ ಮೆಲ್ಲನೆ ಹತ್ತುತ್ತದೆ. ದಂಡೆಯ ದಾರಿಯಲ್ಲಿ ನಡೆದು ಗುಡ್ಡದ ಬುಡಕ್ಕೆ ಬಂದವರು ಅಲ್ಲಿರುವ ಕಬ್ಬಿಣದ ಸರಳಿಗೆ ಕಾಲಿನಿಂದ ಒಮ್ಮೆ ತಟ್ಟಿ ಹಿಂದಿರುಗಬೇಕೆಂಬುದು ಊರಿನ ವಾಡಿಕೆ. ಏಕೆಂದು ಯಾರನ್ನು ಕೇಳಿದರೂ ಬೇರೆ ಬೇರೆ ಕಾರಣ ಹೇಳುತ್ತಾರೆ. ನಮ್ಮ ಮಗ ಮಾತ್ರ ಕಾರಣ ಕೇಳದೆ, ಒಂದು ದಿನವೂ ತಪ್ಪದೆ, ಈ ವ್ರತವನ್ನು ಪಾಲಿಸಿದನು.

ಚಳಿಗಾಲದ ಸಂಜೆ ಅಲ್ಲಿ ನಾಲ್ಕು ಗಂಟೆಗೇ ಕತ್ತಲು. ಆ ಹೊತ್ತಿಗೆ ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳು ಕಡಲಿನ ಮೇಲೆ ಹೊಗೆಯಂತೆ ಸುತ್ತಿ ಸುತ್ತಿ, ಹಠಾತ್ತಾಗಿ 1865ರ ಹಳೆಯ ಕಡಲಕಟ್ಟೆಯ ಅಡಿಗೆ ನುಗ್ಗಿ ರಾತ್ರಿಯ ಆಸರೆ ಪಡೆಯುತ್ತವೆ. ಬಿರುಗಾಳಿಯ ದಿನಗಳಲ್ಲಿ ಅಲೆಗಳು ದಂಡೆಯ ಕಲ್ಲುಗಳನ್ನು ರಸ್ತೆಗೇ ತಂದು ಸುರಿಯುತ್ತವೆ. ಜೂನಿನಲ್ಲಾದರೋ ರಾತ್ರಿ ಒಂಬತ್ತೂವರೆಗೂ ಬೆಳಕು. ಮಕ್ಕಳನ್ನು ಮಲಗಿಸುವುದೇ ಒಂದು ಸಾಹಸ. ಮಳೆಯ ವಿಚಾರದಲ್ಲಿ ನಮಗೆ ಹೊಸತೇನೂ ಇರಲಿಲ್ಲ. ಆದರೆ ನಮ್ಮ ಮಳೆ ಸುರಿದು ಬಿಡುತ್ತದೆ. ಅಲ್ಲಿನದು ಬಿಡದೆ ಜಿನುಗುತ್ತದೆ. ಕೊಡೆ ಆ ಗಾಳಿಯಲ್ಲಿ ಒಂದು ವಾರವೂ ಬಾಳಲಿಲ್ಲ. ಮಕ್ಕಳೊಡನೆ ಅಂಥ ನಾಡಿಗೆ ಹೋಗುವವರು ಮೊದಲು ಕೊಳ್ಳಬೇಕಾದುದು ಮಳೆಯಂಗಿ ಮತ್ತು ಮೊಣಕಾಲೆತ್ತರದ ರಬ್ಬರ್ ಬೂಟು.

ಶಾಲೆ

ಅಬರಿಸ್ಟ್ವಿತ್ ಇರುವ ಜಿಲ್ಲೆಗೆ ಕೆರೆದಿಗ್ಯೋನ್ ಎಂದು ಹೆಸರು. 2021ರ ಜನಗಣತಿಯಂತೆ ಅಲ್ಲಿ ನೂರಕ್ಕೆ 45 ಮಂದಿ ವೆಲ್ಷ್ ಬಲ್ಲವರು. ಊರಿನಲ್ಲಿ ವೆಲ್ಷ್ ಮಾಧ್ಯಮದ ಸರಕಾರಿ ಪ್ರಾಥಮಿಕ ಶಾಲೆಯೂ ಇದೆ, ಇಂಗ್ಲಿಷಿಗೆ ಹೆಚ್ಚು ಒತ್ತು ಕೊಡುವ ಶಾಲೆಯೂ ಇದೆ. ಎರಡರಲ್ಲೂ ಶುಲ್ಕವಿಲ್ಲ. ನಮ್ಮ ಬಾಡಿಗೆಮನೆಗೆ ಎರಡೂ ನಡೆದು ಹೋಗುವಷ್ಟೇ ದೂರ. ಒಂದೇ ವರ್ಷದ ಮಟ್ಟಿಗೆ ಬಂದವರು ಮಕ್ಕಳಿಗೆ ಎಲ್ಲಿಯೂ ಉಪಯೋಗಕ್ಕೆ ಬಾರದ ಭಾಷೆಯೊಂದನ್ನು ಏಕೆ ಹೊರಿಸಬೇಕೆಂಬ ಪ್ರಶ್ನೆ ನಮ್ಮ ಮನೆಯಲ್ಲಿಯೂ ಎದ್ದಿತು. ‘ಎಲ್ಲಿಯೂ ಉಪಯೋಗಕ್ಕೆ ಬಾರದ’ ಎಂಬ ಆ ಮಾತನ್ನು ನಾವು ಬಹಳ ಹಿಂದಿನಿಂದ ಬಲ್ಲೆವು. ನಮ್ಮ ಗಡಿನಾಡಿನಲ್ಲಿ ಕನ್ನಡದ ವಿಷಯದಲ್ಲಿ ಅದನ್ನು ಕೇಳಿಯೇ ದೊಡ್ಡವರಾದವರು ನಾವು. ಬಹುಶಃ ಅದೇ ಕಾರಣದಿಂದ ನನ್ನ ಪತ್ನಿ ವೆಲ್ಷ್ ಶಾಲೆಯನ್ನೇ ಆರಿಸಿದಳು. ನಾನೂ ಒಪ್ಪಿದೆನು.

ದಾಖಲಾತಿಯ ದಿನ ಮುಖ್ಯೋಪಾಧ್ಯಾಯಿನಿಯವರು ಕೇಳಿದ ಮೊದಲ ಪ್ರಶ್ನೆ, “ಮನೆಯಲ್ಲಿ ಯಾವ ಭಾಷೆ?” ಎಂಬುದು. ಕನ್ನಡ, ಮಕ್ಕಳಿಗೆ ತುಳುವೂ ಮಲೆಯಾಳವೂ ತಿಳಿಯುತ್ತದೆ, ಇಂಗ್ಲಿಷು ಅಲ್ಪಸ್ವಲ್ಪ ಎಂದೆವು. ನಾವು ಅಂಜಿದ್ದೆವು, ಅವರ ಮುಖ ಅರಳಿತು. “ಹಾಗಾದರೆ ಇವರಿಗೆ ಭಾಷೆ ಕಲಿಯುವುದು ರೂಢಿಯಾಗಿದೆ. ಮನೆಯಲ್ಲಿ ನಿಮ್ಮ ಭಾಷೆಯನ್ನು ಬಿಡಬೇಡಿ. ಉಳಿದೆರಡನ್ನು ನಾವು ನೋಡಿಕೊಳ್ಳುತ್ತೇವೆ” ಎಂದರು. ಶಾಲೆಯೊಂದರ ಕಚೇರಿಯಲ್ಲಿ ಕುಳಿತು ಮನೆಮಾತಿನ ಬಗ್ಗೆ ಅಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಏಳು ವರ್ಷ ದಾಟಿ ಹೊರಗಿನಿಂದ ಬರುವ ಮಕ್ಕಳಿಗಾಗಿ ಆ ನಾಡಿನಲ್ಲಿ ಭಾಷಾ ಕೇಂದ್ರಗಳೆಂಬ ಏರ್ಪಾಡಿದೆ. ಉತ್ತರದ ಗ್ವಿನೆಡ್ ಪ್ರಾಂತದಲ್ಲಿ 1980ರ ದಶಕದಿಂದಲೇ ಇದು ನಡೆದುಬಂದಿದೆ. ಕೆಲವು ವಾರಗಳ ಕಾಲ ಮಕ್ಕಳಿಗೆ ಆಟ, ಹಾಡು, ಅಡುಗೆ, ಅಂಗಡಿಯಾಟಗಳ ಮೂಲಕ ವೆಲ್ಷ್ ಮಾತ್ರವನ್ನೇ ಕಲಿಸಿ ಬಳಿಕ ಅವರವರ ತರಗತಿಗೆ ಕಳುಹುತ್ತಾರೆ. ಮಗಳು ಈ ದಾರಿಯಿಂದ ಹೋದಳು. ಮಗನನ್ನು ನೇರವಾಗಿ ತರಗತಿಗೇ ಸೇರಿಸಿದರು. ಮೂರು ವಾರ ಅವನು ಶಾಲೆಯಲ್ಲಿ ತುಟಿ ಬಿಚ್ಚಲಿಲ್ಲ. ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಎದುರಿಗೆ ಸಿಕ್ಕಿದ ಅಂಚೆಯವನಿಗೆ ‘ಬೊರೆ ದಾ’ ಎಂದು ಶುಭೋದಯ ಹೇಳಿ ನಮ್ಮನ್ನು ಬೆರಗುಗೊಳಿಸಿದನು.

ಆ ಭಾಷೆಯ ಓದು ಕನ್ನಡದ ಮಕ್ಕಳಿಗೆ ಬಹಳ ಒಗ್ಗುತ್ತದೆ. ಇಂಗ್ಲಿಷಿನಂತೆ ಬರೆಯುವುದೊಂದು, ಓದುವುದೊಂದು ಎಂಬ ತೊಡಕು ಅಲ್ಲಿ ತೀರ ಕಡಿಮೆ. ಅಕ್ಷರಗಳ ಬೆಲೆಯನ್ನು ಒಮ್ಮೆ ತಿಳಿದುಕೊಂಡರೆ ಬರೆದಂತೆಯೇ ಓದಬಹುದು. ರಸ್ತೆಯ ಮೇಲೆ ದೊಡ್ಡದಾಗಿ ಬರೆದಿರುವ ‘ಅರಾವ್’ ಎಂಬುದನ್ನು, ಅಂದರೆ ‘ನಿಧಾನ’ವನ್ನು, ಮಗಳು ಎರಡನೆಯ ವಾರದಲ್ಲೇ ಸರಿಯಾಗಿ ಓದಿದಳು.

ಇದಕ್ಕಿಂತ ಹೆಚ್ಚಿನ ಆಶ್ಚರ್ಯ ವ್ಯಾಕರಣದಲ್ಲಿತ್ತು. ವೇಲ್ಸಿಗೆ ಅಲ್ಲಿನವರು ಹೇಳುವ ಹೆಸರು ‘ಕಮ್ರಿ’. ಆದರೆ ಗಡಿಯಲ್ಲಿ ಸ್ವಾಗತ ಕೋರುವ ಫಲಕದಲ್ಲಿ ಅದು ‘ಗಮ್ರಿ’ ಎಂದಾಗುತ್ತದೆ. ‘ಪೋಂಟ್’ ಎಂದರೆ ಸೇತುವೆ. ನಿರ್ದಿಷ್ಟವಾದ ಆ ಸೇತುವೆ ಎನ್ನುವಾಗ ‘ಬೋಂಟ್’. ಪದದ ಮೊದಲಿನ ಕಕಾರ, ತಕಾರ, ಪಕಾರಗಳು ಕೆಲವು ಸಂದರ್ಭಗಳಲ್ಲಿ ಗಕಾರ, ದಕಾರ, ಬಕಾರಗಳಾಗುತ್ತವೆ. ಹೊಸದಾಗಿ ಕಲಿಯುವ ಇಂಗ್ಲಿಷರಿಗೆ ಇದು ದೊಡ್ಡ ತಲೆನೋವು. ನಮಗಾದರೋ ಇದು ಮನೆಯ ಸಂಗತಿ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ನಿಯಮದ ಸಂದರ್ಭ ಬೇರೆಯಾದರೂ ವ್ಯಂಜನಗಳ ನಡೆ ನಮ್ಮ ಆದೇಶಸಂಧಿಯದೇ. ಎರಡು ಭಾಷೆಗಳಿಗೂ ರಕ್ತಸಂಬಂಧವೇನೂ ಇಲ್ಲ. ನಾಲಿಗೆಯ ಸ್ವಭಾವ ಮಾತ್ರ ಎಲ್ಲ ಕಡೆಯೂ ಒಂದೇ ಇರಬೇಕು. ಮಗಳಿಗೆ ಇದನ್ನು ತೋರಿಸಿಕೊಟ್ಟಾಗ, “ಹಾಗಾದರೆ ನಮ್ಮ ಟೀಚರಿಗೆ ಇವರ ವ್ಯಾಕರಣವೂ ಗೊತ್ತಾಗುತ್ತದೆಯಾ ಅಪ್ಪ?” ಎಂದು ಕೇಳಿದಳು. ಊರಿನ ಕನ್ನಡ ಟೀಚರಿನ ಗೌರವ ಅಂದಿನಿಂದ ಅವಳ ಮನಸ್ಸಿನಲ್ಲಿ ಇಮ್ಮಡಿಯಾಯಿತು.

ವೇಲ್ಸಿನ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ 2022ರಿಂದ ಹಂತಹಂತವಾಗಿ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಉಚಿತ ಊಟ ಜಾರಿಗೆ ಬಂದಿದೆ. ಸಸ್ಯಾಹಾರವೂ ಇರುತ್ತದೆ. ಬೇಯಿಸಿದ ಆಲೂಗಡ್ಡೆಯ ಎದುರು ಕುಳಿತು ಊರಿನ ಶಾಲೆಯ ಹೆಸರುಕಾಳಿನ ಪಲ್ಯವನ್ನು ನೆನೆಯುವ ಕಾರ್ಯವನ್ನು ಮಾತ್ರ ಇಬ್ಬರೂ ವರ್ಷವಿಡೀ ನಿಲ್ಲಿಸಲಿಲ್ಲ.

ಕೊರಳಿಗೆ ಕಟ್ಟಿದ ಮರದ ತುಂಡು

ಈ ಆದರ ಆ ನಾಡಿನಲ್ಲಿ ಬಹಳ ಹಿಂದಿನದಲ್ಲ. 1536ರಲ್ಲಿ ಎಂಟನೆಯ ಹೆನ್ರಿಯ ಕಾಲದ ಸಂಸತ್ತು ಮಾಡಿದ ಕಾನೂನು, ವೇಲ್ಸಿನ ನ್ಯಾಯಾಲಯಗಳ ಕಲಾಪ ಇಂಗ್ಲಿಷಿನಲ್ಲೇ ನಡೆಯಬೇಕೆಂದೂ ಇಂಗ್ಲಿಷನ್ನು ಬಳಸದವರು ಅಧಿಕಾರದ ಹುದ್ದೆಯನ್ನು ಹೊಂದುವಂತಿಲ್ಲವೆಂದೂ ವಿಧಿಸಿತು. ನ್ಯಾಯಾಲಯದಿಂದ ಹೊರದೂಡಲ್ಪಟ್ಟ ಭಾಷೆಗೆ ಇಗರ್ಜಿಯಲ್ಲಿ ಆಶ್ರಯ ದೊರೆಯಿತು. 1588ರಲ್ಲಿ ವಿಲಿಯಂ ಮಾರ್ಗನ್ ಎಂಬ ಪಾದ್ರಿ ಇಡೀ ಬೈಬಲನ್ನು ವೆಲ್ಷ್‌ಗೆ ಅನುವಾದಿಸಿದನು. ವಾರವಾರವೂ ಊರೂರಲ್ಲಿ ಅದನ್ನು ಗಟ್ಟಿಯಾಗಿ ಓದುತ್ತ ಬಂದುದರಿಂದ ಗ್ರಂಥಭಾಷೆಯೊಂದು ಜನಸಾಮಾನ್ಯರ ಕಿವಿಯಲ್ಲಿ ಉಳಿಯಿತು.

1846ರಲ್ಲಿ ವೇಲ್ಸಿನ ಶಾಲೆಗಳನ್ನು ಪರಿಶೀಲಿಸಲು ಲಂಡನ್ನಿನ ಸರಕಾರ ಮೂವರನ್ನು ಕಳುಹಿಸಿತ್ತು. ಮೂವರೂ ವಕೀಲರು, ಒಬ್ಬನಿಗೂ ವೆಲ್ಷ್ ಬಾರದು. ಜನರ ಹಿಂದುಳಿದಿರುವಿಕೆಗೆ ಅವರ ಭಾಷೆಯೇ ಕಾರಣವೆಂದು ಅವರು ವರದಿ ಬರೆದರು. ನೀಲಿ ಹೊದಿಕೆಯ ಆ ಸಂಪುಟಗಳನ್ನು ವೇಲ್ಸಿನವರು ಇಂದಿಗೂ ‘ನೀಲಿ ಪುಸ್ತಕಗಳ ದ್ರೋಹ’ವೆಂದು ಕರೆಯುತ್ತಾರೆ. ನನ್ನ ವೃತ್ತಿಬಾಂಧವರ ಈ ಕೀರ್ತಿಯನ್ನು ಓದಿದಾಗ ಮನಸ್ಸು ಕುಗ್ಗಿತು. ಆ ಶತಮಾನದ ಹಲವು ಶಾಲೆಗಳಲ್ಲಿ ಇನ್ನೊಂದು ಪದ್ಧತಿಯಿತ್ತು. ವೆಲ್ಷ್ ಮಾತನಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಎರಡು ಅಕ್ಷರ ಕೊರೆದ ಮರದ ತುಂಡೊಂದನ್ನು ಕಟ್ಟುತ್ತಿದ್ದರು. ಬೇರೊಂದು ಮಗು ಹಾಗೆ ಸಿಕ್ಕಿಬಿದ್ದರೆ ಅದು ಆ ಕೊರಳಿಗೆ ಹೋಗುವುದು. ಶಾಲೆ ಬಿಡುವ ಹೊತ್ತಿಗೆ ಯಾರ ಕೊರಳಲ್ಲಿದೆಯೋ ಆ ಮಗುವಿಗೆ ಬೆತ್ತದ ಏಟು. ಮಗಳಿಗೆ ಶಾಲೆಯಲ್ಲಿ ಈ ಕಥೆಯನ್ನು ಹೇಳಿದ್ದರು. ಅವಳು ಮನೆಗೆ ಬಂದು, ಊರಿನಲ್ಲಿ ಆಂಗ್ಲ ಮಾಧ್ಯಮಕ್ಕೆ ಹೋಗುವ ತನ್ನ ದೊಡ್ಡಪ್ಪನ ಮಗನು ತರಗತಿಯಲ್ಲಿ ಕನ್ನಡ ಆಡಿದುದಕ್ಕೆ ಹತ್ತು ರೂಪಾಯಿ ದಂಡ ಕಟ್ಟಿದುದನ್ನು ನೆನಪಿಸಿದಳು. ನಾನು ಉತ್ತರ ಕೊಡಲಿಲ್ಲ. ಮರದ ತುಂಡಿನ ಬದಲು ಹತ್ತು ರೂಪಾಯಿ, ಅಷ್ಟೇ.

ನಮ್ಮ ಮನೆಯಿಂದ ಪೇಟೆಗೆ ಹೋಗುವ ದಾರಿಯಲ್ಲಿ ಟ್ರೆವೆಖನ್ ಎಂಬ ಕಲ್ಲಿನ ಸೇತುವೆಯಿದೆ. 1962ರಲ್ಲಿ ಈ ಊರಿನಲ್ಲಿ ಸೈಕಲಿನ ಮೇಲೆ ಗೆಳೆಯನನ್ನು ಕೂರಿಸಿಕೊಂಡು ಹೋದ ಯುವಕನೊಬ್ಬನಿಗೆ ನ್ಯಾಯಾಲಯದ ಸಮನ್ಸು ಬಂದಿತು. ಅದು ಇಂಗ್ಲಿಷಿನಲ್ಲಿ ಮಾತ್ರ ಇದ್ದುದರಿಂದ ಅವನು ಸ್ವೀಕರಿಸಲಿಲ್ಲ. ಮರುವರ್ಷ ಫೆಬ್ರವರಿ 2ರಂದು ವಿದ್ಯಾರ್ಥಿಗಳು ಈ ಸೇತುವೆಯ ಮೇಲೆ ಕುಳಿತು ವಾಹನಗಳನ್ನು ತಡೆದರು. ಅವರ ಬೇಡಿಕೆ, ಸಮನ್ಸು ವೆಲ್ಷ್‌ನಲ್ಲಿಯೂ ಇರಬೇಕೆಂಬುದು. ಹೊರಗಿನವರಿಗೆ ಇದು ಕ್ಷುಲ್ಲಕವೆನಿಸೀತು. ಕನ್ನಡ ಮಾತ್ರ ಬಲ್ಲ ಕಕ್ಷಿಗಾರನು ತನ್ನ ಕೈಗೆ ಬಂದ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ನನ್ನ ಮುಖ ನೋಡುವುದನ್ನು ಇಪ್ಪತ್ತು ವರ್ಷಗಳಿಂದ ಕಂಡಿರುವ ನನಗೆ ಅದು ಕ್ಷುಲ್ಲಕವಾಗಿ ಕಾಣಲಿಲ್ಲ. 1967ರ ಕಾನೂನು ವೇಲ್ಸಿನ ನ್ಯಾಯಾಲಯಗಳಲ್ಲಿ ಬಯಸಿದವರು ವೆಲ್ಷ್‌ನಲ್ಲಿ ಮಾತನಾಡುವ ಹಕ್ಕನ್ನು ಕೊಟ್ಟಿತು. 1993ರ ಕಾನೂನು ಸಾರ್ವಜನಿಕ ವ್ಯವಹಾರದಲ್ಲಿ ಎರಡು ಭಾಷೆಗಳನ್ನೂ ಸಮಾನವಾಗಿ ಕಾಣಬೇಕೆಂದಿತು. 2011ರಲ್ಲಿ ವೆಲ್ಷ್‌ಗೆ ಅಧಿಕೃತ ಸ್ಥಾನ ದೊರೆಯಿತು. ಸೇತುವೆಯಿಂದ ಅಲ್ಲಿಗೆ ಸುಮಾರು ಅರ್ಧ ಶತಮಾನದ ನಡಿಗೆ.

ಮುಳುಗಿದ ಎರಡು ಊರುಗಳು

ರಜೆ ಸಿಕ್ಕಾಗಲೆಲ್ಲ ನಾವು ಸುತ್ತಾಡಿದೆವು. ಕಾರು ಇರಲಿಲ್ಲ, ಬಸ್ಸು, ರೈಲು, ಕಾಲ್ನಡಿಗೆ. ರೈಡಲ್ ಕಣಿವೆಯಲ್ಲಿ 1902ರಿಂದ ಓಡುತ್ತಿರುವ ಉಗಿಬಂಡಿಯ ಪುಟ್ಟ ರೈಲು ಮಕ್ಕಳಿಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆ ಎರಡು ಸ್ಥಳಗಳು.

ಅಬರಿಸ್ಟ್ವಿತ್‌ನ ಉತ್ತರಕ್ಕೆ ಬೋರ್ತ್ ಎಂಬ ಕಡಲತೀರದ ಹಳ್ಳಿ. ನೀರು ಚೆನ್ನಾಗಿ ಇಳಿದ ಹೊತ್ತಿನಲ್ಲಿ ಅಲ್ಲಿನ ಮರಳಿನಿಂದ ಕಪ್ಪಾದ ಮರದ ಬುಡಗಳು ತಲೆಯೆತ್ತುತ್ತವೆ. ಓಕ್, ಪೈನ್, ಬರ್ಚ್ ಮರಗಳು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಕಡಲು ಏರಿ ಬಂದಾಗ ಮುಳುಗಿದ ಕಾಡು. ಸುತ್ತಲಿನವರು ಇದಕ್ಕೊಂದು ಕಥೆ ಕಟ್ಟಿದ್ದಾರೆ. ಇಲ್ಲಿ ಹಿಂದೆ ಫಲವತ್ತಾದ ನಾಡೊಂದಿತ್ತು. ಕಡಲಿನ ತೂಬನ್ನು ಕಾಯುತ್ತಿದ್ದವನು ಕುಡಿದ ಅಮಲಿನಲ್ಲಿ ಬಾಗಿಲು ಮುಚ್ಚದೆ ಮಲಗಿದ. ಒಂದೇ ರಾತ್ರಿಯಲ್ಲಿ ನಾಡು ನೀರಿನಡಿಗೆ ಹೋಯಿತು. ಅಲ್ಲಿನ ಗಂಟೆಗಳ ನಾದ ಇಂದಿಗೂ ಕೇಳುತ್ತದೆ. ಮಕ್ಕಳು ಒದ್ದೆ ಮರಳಿಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದರು.

ಎರಡನೆಯ ಊರಿನ ಮುಳುಗಡೆ ಕಥೆಯಲ್ಲ. ಬಾಲಾ ಎಂಬ ಪಟ್ಟಣದ ಹತ್ತಿರ ಟ್ರವೆರಿನ್ ಹೊಳೆಯ ಕಣಿವೆಯಲ್ಲಿ ಕಾಪೆಲ್ ಕೆಲಿನ್ ಎಂಬ ಹಳ್ಳಿಯಿತ್ತು. ಅಲ್ಲಿನವರ ಮಾತು, ಪ್ರಾರ್ಥನೆ, ಪಾಠ ಎಲ್ಲವೂ ವೆಲ್ಷ್. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಾಯಿತೆಂದು ಆ ಕಣಿವೆಗೆ ಅಣೆಕಟ್ಟು ಕಟ್ಟಲು 1957ರಲ್ಲಿ ಸಂಸತ್ತು ಕಾನೂನು ಮಾಡಿತು. ವೇಲ್ಸಿನ 36 ಸಂಸದರಲ್ಲಿ ಒಬ್ಬರೂ ಅದರ ಪರವಾಗಿ ಮತ ಹಾಕಿರಲಿಲ್ಲ. 1965ರಲ್ಲಿ ಜಲಾಶಯದ ಉದ್ಘಾಟನೆಯಾಯಿತು; ಶಾಲೆ, ಅಂಚೆಮನೆ, ಪ್ರಾರ್ಥನಾಮಂದಿರ, ಹೊಲಮನೆಗಳು ನೀರಿನಡಿಗೆ ಹೋದವು. ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿದ್ದು 2005ರಲ್ಲಿ. ಅಬರಿಸ್ಟ್ವಿತ್‌ನ ದಕ್ಷಿಣಕ್ಕೆ ಹೋಗುವ ರಸ್ತೆಯ ಬದಿಯ ಮುರುಕು ಗೋಡೆಯೊಂದರ ಮೇಲೆ ‘ಟ್ರವೆರಿನ್ ಅನ್ನು ಮರೆಯದಿರಿ’ ಎಂದು ಕೆಂಪು ನೆಲದ ಮೇಲೆ ಬಿಳಿಯ ಅಕ್ಷರಗಳಲ್ಲಿ ಬರೆದಿದ್ದಾರೆ. 1960ರ ದಶಕದ ಬರಹ. ಹಲವು ಬಾರಿ ಕೆಡಿಸಿದರೂ ಜನ ಮತ್ತೆ ಮತ್ತೆ ಬರೆಯುತ್ತಾರೆ. ಜಲಾಶಯದ ದಂಡೆಯಲ್ಲಿ ನಿಂತಾಗ ಮಗ ಕೇಳಿದ ಪ್ರಶ್ನೆ ಒಂದೇ: “ಶಾಲೆಯ ಮಕ್ಕಳು ಎಲ್ಲಿಗೆ ಹೋದರು?”

ಏಳು ಮಕ್ಕಳ ಶಾಲೆ

1939ರಲ್ಲಿ ಯುದ್ಧ ಆರಂಭವಾದಾಗ ಇಂಗ್ಲೆಂಡಿನ ನಗರಗಳಿಂದ ಮಕ್ಕಳನ್ನು ಸುರಕ್ಷಿತವಾಗಿ ಅಬರಿಸ್ಟ್ವಿತ್‌ಗೆ ಕಳುಹಿಸಿದರು. ಊರಿನ ಶಾಲೆಗಳು ಇಂಗ್ಲಿಷ್ ಮಕ್ಕಳಿಂದ ತುಂಬಿದವು. ಆಗ ಇವಾನ್ ಅಬ್ ಓವೆನ್ ಎಡ್ವರ್ಡ್ಸ್ ಎಂಬವರು ಖಾಸಗಿಯಾಗಿ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆಯೊಂದನ್ನು ತೆರೆದರು. ಮಕ್ಕಳ ಸಂಖ್ಯೆ ಏಳು, ಅಧ್ಯಾಪಿಕೆ ಒಬ್ಬರು. ಯುದ್ಧ ಮುಗಿಯುವ ಹೊತ್ತಿಗೆ ಏಳು ಮಕ್ಕಳು ಎಂಬತ್ತಾಗಿದ್ದರು. ಮುಂದೆ ಸ್ಥಳೀಯ ಆಡಳಿತವೇ ಶಾಲೆಯನ್ನು ವಹಿಸಿಕೊಂಡಿತು. ಇಂದು ವೇಲ್ಸಿನಲ್ಲಿರುವ ನೂರಾರು ವೆಲ್ಷ್ ಶಾಲೆಗಳಿಗೆ ಮೇಲ್ಪಂಕ್ತಿ ಅದೇ. ಎಡ್ವರ್ಡ್ಸ್ ಅವರೇ 1922ರಲ್ಲಿ ಕಟ್ಟಿದ ‘ಅರ್ದ್’ ಎಂಬ ಮಕ್ಕಳ ಸಂಘ ಪ್ರತಿವರ್ಷವೂ ನಾಡಿನಾದ್ಯಂತ ಹಾಡು, ಕಂಠಪಾಠ, ನಾಟಕಗಳ ಸ್ಪರ್ಧೆ ನಡೆಸುತ್ತದೆ. ನಮ್ಮ ಶಾಲಾ ಕಲೋತ್ಸವದಲ್ಲಿ ಕನ್ನಡ ಪದ್ಯ ಹೇಳಿದ್ದ ಮಗಳು ಅಲ್ಲಿ ಹೊಸದಾಗಿ ಕಲಿಯುವವರ ವಿಭಾಗದಲ್ಲಿ ವೆಲ್ಷ್ ಪದ್ಯ ಹೇಳಿದಳು. ಬಹುಮಾನ ಬರಲಿಲ್ಲ, ತೀರ್ಪುಗಾರರು ಉಚ್ಚಾರಣೆಯನ್ನು ಹೊಗಳಿದರು.

ಅಲ್ಲಿ ಎಲ್ಲವೂ ಸೊಗಸಾಗಿದೆಯೆಂದು ಓದುಗರು ತಿಳಿಯಬಾರದು. 1911ರಲ್ಲಿ ವೆಲ್ಷ್ ಬಲ್ಲವರು ಸುಮಾರು 9 ಲಕ್ಷ 77 ಸಾವಿರ. 2021ರಲ್ಲಿ 5 ಲಕ್ಷ 38 ಸಾವಿರ. 2050ರೊಳಗೆ ಹತ್ತು ಲಕ್ಷ ಮಾಡುವ ಗುರಿಯನ್ನು ಅಲ್ಲಿನ ಸರಕಾರ ಇಟ್ಟುಕೊಂಡಿದ್ದರೂ, ಕಳೆದ ಎಣಿಕೆಯಲ್ಲಿ ಮಕ್ಕಳ ನಡುವೆಯೇ ಸಂಖ್ಯೆ ಇಳಿದಿದೆ. ಹಳ್ಳಿಯ ಮನೆಗಳನ್ನು ಹೊರಗಿನವರು ಬೇಸಗೆಯ ಬಿಡಾರಕ್ಕೆಂದು ಕೊಳ್ಳುತ್ತಾರೆ. ಊರಿನ ಯುವಕರು ಕೆಲಸಕ್ಕಾಗಿ ಹೊರಡುತ್ತಾರೆ. ತರಗತಿಯಲ್ಲಿ ವೆಲ್ಷ್ ಆಡುವ ಮಕ್ಕಳು ಆಟದ ಬಯಲಿಗೆ ಬಂದೊಡನೆ ಇಂಗ್ಲಿಷಿಗೆ ಹೊರಳುತ್ತಾರೆ. ನಮ್ಮ ಮಕ್ಕಳ ಇಂಗ್ಲಿಷು ಸುಧಾರಿಸಿದ್ದು ಆ ಬಯಲಿನಲ್ಲೇ. ಅದಕ್ಕಾಗಿ ಯಾರೂ ಪ್ರತ್ಯೇಕ ಶ್ರಮಪಡಬೇಕಾಗಲಿಲ್ಲ. ಶ್ರಮ ಬೇಕಾದುದು ಇನ್ನೊಂದು ಭಾಷೆಗೆ. ಅಲ್ಲಿನ ತಂದೆತಾಯಂದಿರು ಅದನ್ನು ಅರಿತಿದ್ದಾರೆ. ಸ್ವತಃ ವೆಲ್ಷ್ ಬಾರದ ಎಷ್ಟೋ ಮಂದಿ ಮಕ್ಕಳನ್ನು ಆ ಶಾಲೆಗೆ ಕಳುಹಿಸಿ, ತಾವು ಸಂಜೆಯ ತರಗತಿಯಲ್ಲಿ ಕುಳಿತು ಕಲಿಯುತ್ತಿದ್ದುದನ್ನು ನಾನು ಕಂಡಿದ್ದೇನೆ.

ಕಾನೂನಿನ ಬಲ ನಮಗೂ ಕಡಿಮೆಯಿಲ್ಲ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲೇ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ಪಾಲಕರೇ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆಯ್ಕೆ ನಮ್ಮದು ಎಂದ ಮೇಲೆ ಹೊಣೆಯೂ ನಮ್ಮದೇ. ಸೌಕರ್ಯವನ್ನು ಕೇಳಿ ಪಡೆಯಬಹುದು. ತರಗತಿಯಲ್ಲಿ ಕುಳಿತುಕೊಳ್ಳುವ ಮಗುವನ್ನು ಯಾವ ನ್ಯಾಯಾಲಯವೂ ಒದಗಿಸಿಕೊಡಲಾರದು.

ಹಿಂದಿರುಗಿದ ಮೇಲೆ ಬಂಧುಗಳು ಮತ್ತೆ ಕೇಳಿದರು. ಓಣಂ ರಜೆ ಕಳೆದೊಡನೆ ಮಗಳು ತನ್ನ ಹಳೆಯ ಶಾಲೆಯ ಐದನೆಯ ತರಗತಿಗೂ ಮಗ ಒಂದನೆಯ ತರಗತಿಗೂ ಸೇರಿದ್ದಾರೆ. ಒಂದನೆಯ ತರಗತಿಯಲ್ಲಿ ಈಗ ಅವನೂ ಸೇರಿ ಒಂಬತ್ತು ಮಕ್ಕಳು. ಜೂನಿನ ಆರನೆಯ ಕೆಲಸದ ದಿನದ ಹಾಜರಿಯನ್ನು ಎಣಿಸಿ ಅಧ್ಯಾಪಕರ ಹುದ್ದೆಗಳನ್ನು ನಿರ್ಧರಿಸುತ್ತಾರೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಈ ವರ್ಷದ ಎಣಿಕೆಯ ದಿನ ನಮ್ಮ ಇಬ್ಬರು ಕಡಲಾಚೆ ಇದ್ದರು. ಮುಂದಿನ ಜೂನಿನಲ್ಲಿ ಇಬ್ಬರೂ ಹಾಜರಿರುತ್ತಾರೆ.